ಮರಳುಗಾಡು ನೋಡಲು ಬೇಸಿಗೆ ರಜೆಯಲ್ಲಿ ಬರಬೇಡಿ

ಮಾರ್ಚ್ ಬಂತೆಂದರೆ ಊರಿನಿಂದ ಫೋನ್ ಶುರುವಾಗುತ್ತದೆ. ಮಕ್ಕಳಿಗೆ ಪರೀಕ್ಷೆ ಮುಗಿಯುತ್ತಿದೆ, ಏಪ್ರಿಲ್, ಮೇ ಪೂರ್ತಿ ರಜೆ, ಮಸ್ಕತ್‌ಗೆ ಬರುತ್ತೇವೆ, ಮರಳುಗಾಡು ತೋರಿಸಿ ಅಂತ. ಖಂಡಿತ ಬನ್ನಿ. ಆದರೆ ಮರಳುಗಾಡೇ ಮುಖ್ಯ ಅಂದರೆ ಆ ರಜೆ ಬೇಡ, ಡಿಸೆಂಬರ್ ಅಥವಾ ಜನವರಿಯಲ್ಲಿ ಬನ್ನಿ.

ನಾನು ಹೇಳುತ್ತಿರುವುದು ಒಮಾನ್‌ನ ವಹೀಬಾ ಮರಳುಗಾಡಿನ ಬಗ್ಗೆ. ಈಗ ಅದನ್ನು ಶರ್ಕಿಯಾ ಸ್ಯಾಂಡ್ಸ್ ಎನ್ನುತ್ತಾರೆ. ಮಸ್ಕತ್‌ನಿಂದ ಸುಮಾರು 200 ಕಿ.ಮೀ. ದೂರ, ಬಿದಿಯಾ ಊರಿನವರೆಗೆ ಒಳ್ಳೆಯ ರಸ್ತೆ, ಅಲ್ಲಿಂದ ಮುಂದೆ ಬರೀ ಮರಳು. ಉತ್ತರದಿಂದ ದಕ್ಷಿಣಕ್ಕೆ ಸುಮಾರು 180 ಕಿ.ಮೀ. ಹರಡಿಕೊಂಡಿದೆ, ಕೆಲವು ದಿಬ್ಬಗಳು 100 ಮೀಟರ್ ಎತ್ತರ ಇವೆ.

ಕಲಬುರಗಿ, ರಾಯಚೂರು ಕಡೆಯವರು "ನಮಗೇನು ಬಿಸಿಲು ಹೊಸದಾ?" ಎಂದು ಕೇಳುತ್ತಾರೆ. ನಿಜ, ಹೊಸದಲ್ಲ. ಆದರೆ ಅಲ್ಲಿ ಬೇವಿನ ಮರ ಇದೆ, ಮನೆಯ ಕಟ್ಟೆ ಇದೆ. ಇಲ್ಲಿ ಮೇ ತಿಂಗಳಲ್ಲಿ 45 ಡಿಗ್ರಿ ಬಿಸಿಲಿಗೆ ದಿಬ್ಬದ ಮೇಲೆ ನಿಂತರೆ ನಿಮ್ಮ ನೆರಳು ಬಿಟ್ಟು ಬೇರೆ ನೆರಳೇ ಇಲ್ಲ. ಮರಳು ಗಾಳಿಗಿಂತ ಜಾಸ್ತಿ ಕಾದಿರುತ್ತದೆ. ಚಪ್ಪಲಿ ಹಾಕಿಕೊಂಡರೂ ಕಾಲು ಹೂತು ಆ ಬಿಸಿ ಮರಳು ಬೆರಳ ಸಂದಿಗೆ ನುಗ್ಗುತ್ತದೆ, ಮಕ್ಕಳು ಅಳಲು ಶುರು ಮಾಡುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12:30ರಿಂದ 3:30ರ ತನಕ ಕಾರ್ಮಿಕರಿಂದ ಬಯಲಲ್ಲಿ ಕೆಲಸ ಮಾಡಿಸಬಾರದು ಎಂದು ಒಮಾನ್‌ನಲ್ಲಿ ಕಾನೂನೇ ಇದೆ. ಅಷ್ಟೇಕೆ, ತಲೆತಲಾಂತರದಿಂದ ಈ ಮರಳಲ್ಲೇ ಬಾಳಿದ ಬೆದೂಯಿನ್ ಕುಟುಂಬಗಳೂ ಬೇಸಿಗೆಯಲ್ಲಿ ಅಂಚಿನ ಖರ್ಜೂರದ ತೋಟಗಳಿಗೆ ಬರುವ ವಾಡಿಕೆ ಇಟ್ಟುಕೊಂಡಿದ್ದಾರೆ. ಅವರೇ ಬಿಟ್ಟು ಬರುವ ಕಾಲದಲ್ಲಿ ನಾವು ಹೋಗುವುದು ಸರಿಯಾ?

ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆವರೆಗೆ ಇದೇ ಜಾಗ ಬೇರೆಯೇ. ಹಗಲು ಹಿತವಾಗಿರುತ್ತದೆ, ಸೂರ್ಯ ಮುಳುಗಿದ್ದೇ ತಡ ಚಳಿ ಶುರುವಾಗುತ್ತದೆ. ಸ್ವೆಟರ್, ಟೋಪಿ ಖಂಡಿತ ತನ್ನಿ, "ಮರಳುಗಾಡಲ್ಲಿ ಎಂಥ ಚಳಿ" ಅಂತ ಬಿಟ್ಟು ಬರಬೇಡಿ. ಬೆಳಗ್ಗೆ ಬೇಗ ಏಳಿ. ಅರಬ್ಬೀ ಸಮುದ್ರ ಹತ್ತಿರವೇ ಇರುವುದರಿಂದ ಕೆಲವು ರಾತ್ರಿ ಇಬ್ಬನಿ ಬೀಳುತ್ತದೆ, ಮರಳಿನ ಮೇಲ್ಪದರ ಒದ್ದೆಯಾಗಿ ಬಣ್ಣ ಗಾಢವಾಗಿರುತ್ತದೆ. ಬೆರಳಿಂದ ಕೆದಕಿದರೆ ಕೆಳಗೆ ಒಣ ಮರಳು. ಆ ಒದ್ದೆ ಪದರದ ಮೇಲೆ ರಾತ್ರಿ ಓಡಾಡಿದ ಜೀರುಂಡೆಯ ಕಾಲ ಗುರುತು, ಎರಡು ಸಾಲು ಹೊಲಿಗೆ ಹಾಕಿದ ಹಾಗೆ, ದಿಬ್ಬದ ನೆತ್ತಿವರೆಗೂ ಕಾಣುತ್ತದೆ. ಬಿಸಿಲೇರಿ ಗಾಳಿ ಎದ್ದರೆ ಎಲ್ಲ ಅಳಿಸಿಹೋಗುತ್ತದೆ. ಆಳಕ್ಕೆ ಬೇರು ಇಳಿಸಿ ಇಲ್ಲಿ ಗಾಫ್ ಮರಗಳು ಬದುಕುತ್ತವೆ. ಗಾಫ್ ಅಂದರೆ ಬೇರೇನಲ್ಲ, ದಸರೆಯಲ್ಲಿ ನಾವು ಪೂಜೆ ಮಾಡುವ ಬನ್ನಿ ಮರವೇ! ಊರಿಂದ ಬಂದ ಹಿರಿಯರಿಗೆ ಅದನ್ನು ತೋರಿಸುವುದು ನನಗೆ ತುಂಬಾ ಇಷ್ಟ.

ದಸರಾ ರಜೆಗೆ ಬರಬಹುದಾ ಅಂತಲೂ ಕೇಳುತ್ತಾರೆ. ಅಕ್ಟೋಬರ್ ಹಗಲು ಇನ್ನೂ ಬಿಸಿಯೇ, ವಯಸ್ಸಾದವರು ಜೊತೆಗಿದ್ದರೆ ಬೇಡ ಅನ್ನುತ್ತೇನೆ.

ಚಳಿಗಾಲದಲ್ಲೂ ಒಂದು ಎಚ್ಚರ ಬೇಕು. ಇಲ್ಲಿ ಮಳೆ ಬರುವುದು ಹೆಚ್ಚಾಗಿ ಆಗಲೇ. ಎಲ್ಲೋ ದೂರದ ಬೆಟ್ಟದಲ್ಲಿ ಮಳೆ ಸುರಿದರೆ ಒಣಗಿದ್ದ ವಾದಿಯಲ್ಲಿ, ಅಂದರೆ ಹಳ್ಳದಲ್ಲಿ, ದಿಢೀರನೆ ನೀರು ನುಗ್ಗುತ್ತದೆ. ದಾರಿಯಲ್ಲಿ ವಾದಿ ಬನಿ ಖಾಲಿದ್ ನೋಡಿಕೊಂಡು ಹೋಗುವವರು ಮೊದಲು ಹವಾಮಾನ ವರದಿ ನೋಡಿ, ನೀರು ಹರಿಯುತ್ತಿದ್ದರೆ ಕಾರು ಇಳಿಸಲೇಬೇಡಿ. ರಂಜಾನ್ ಯಾವಾಗ ಎಂದೂ ನೋಡಿಕೊಳ್ಳಿ, ಅದು ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ, ಆಗ ಹಗಲು ಹೊರಗೆ ಎಲ್ಲರೆದುರು ತಿನ್ನುವ ಹಾಗಿಲ್ಲ. ನಕ್ಷತ್ರ ನೋಡುವ ಆಸೆ ಇದ್ದರೆ ಅಮಾವಾಸ್ಯೆ ಆಸುಪಾಸು ಬನ್ನಿ. ಮಕ್ಕಳ ಜೊತೆ ರಾತ್ರಿ ದಿಬ್ಬ ಹತ್ತಬೇಕು ಅಂದರೆ ಹುಣ್ಣಿಮೆಯೇ ಚೆನ್ನ.

ಏಪ್ರಿಲ್ ಬಿಟ್ಟರೆ ರಜೆ ಸಿಗುವುದೇ ಇಲ್ಲ ಅನ್ನುವವರಿಗೆ ಜಬಲ್ ಅಖ್ದರ್ ಇದೆ. ಸುಮಾರು 2,000 ಮೀಟರ್ ಎತ್ತರದ ಬೆಟ್ಟ ಪ್ರದೇಶ, ಆಗ ಗುಲಾಬಿ ಕೊಯ್ಲಿನ ಕಾಲ, ಹಳ್ಳಿಗಳಲ್ಲಿ ಪನ್ನೀರು ಇಳಿಸುತ್ತಿರುತ್ತಾರೆ. ಫೋರ್ ವೀಲ್ ಡ್ರೈವ್ ಗಾಡಿ ಇಲ್ಲದಿದ್ದರೆ ಪೊಲೀಸರು ಮೇಲೆ ಬಿಡುವುದಿಲ್ಲ, ಅದೊಂದು ಗೊತ್ತಿರಲಿ. ಜುಲೈ, ಆಗಸ್ಟ್ ಆದರೆ ದಕ್ಷಿಣ ಒಮಾನ್‌ನ ಸಲಾಲಾಗೆ ಹೋಗೋಣ, ಅಲ್ಲಿ ಆಗ ಜಿನುಗು ಮಳೆ, ಹಸಿರು ಬೆಟ್ಟ.

ಡಿಸೆಂಬರ್ ಕೊನೆಯ ವಾರ ಮಾತ್ರ ಮರಳುಗಾಡಲ್ಲಿ ಉಳಿಯುವ ಕ್ಯಾಂಪ್‌ಗಳು ತುಂಬಿರುತ್ತವೆ, ವಿಮಾನದ ಟಿಕೆಟ್ಟೂ ದುಬಾರಿ. ಮಕ್ಕಳ ಶಾಲೆಗೆ ನಾಲ್ಕು ದಿನ ರಜೆ ಹಾಕಿಸುವುದಾದರೆ ಸಂಕ್ರಾಂತಿ ಮುಗಿಸಿ ಹೊರಡಿ. ಎಳ್ಳು ಬೆಲ್ಲವೂ ಸ್ವಲ್ಪ ತನ್ನಿ.