ಅಪ್ಪಯ್ಯನ ಕೀಬೋರ್ಡೂ ಎಂಟು ಸೆಕೆಂಡಿನ ಶಿಫ್ಟೂ

ಜುಲೈ ತಿಂಗಳಲ್ಲಿ ಊರಿಂದ ಅಪ್ಪಯ್ಯನ ಫೋನ್. "ಕೀಬೋರ್ಡ್ ಹೋತು ಕಾಣ್ತು ತಮಾ. ಒತ್ತಿರೆ ಬತ್ತಿಲ್ಲೆ."

ಶಿರಸಿ ಕಡೆ ಮಳೆಗಾಲದಲ್ಲಿ ಏನು ಕೆಟ್ಟರೂ ಅಪರಾಧಿ ಒಬ್ಬನೇ. ಕರೆಂಟ್ ಹೋದರೆ ಮಳೆ, ಬಸ್ ತಡವಾದರೆ ಮಳೆ, ಹಪ್ಪಳಕ್ಕೆ ಬೂಸ್ಟು ಹಿಡಿದರೆ ಮಳೆ. ಕೀಬೋರ್ಡಿನ ಕೇಸೂ ಅದರ ಮೇಲೇ ಬಿತ್ತು. ಆಯಿ ಲ್ಯಾಪ್‌ಟಾಪನ್ನು ಎರಡು ದಿನ ಬಚ್ಚಲೊಲೆ ಹತ್ತಿರ ಇಟ್ಟು ಒಣಗಿಸಿದ್ದಳಂತೆ. ಪೇಟೆಯ ರಿಪೇರಿ ಅಂಗಡಿಯವನು ಫೋನಿನಲ್ಲೇ, ನೋಡದೇ, ಕೀಬೋರ್ಡ್ ಬದಲಿಸಬೇಕು ಅಂದನಂತೆ. ನಾನೂ ಹೌದಿರಬೇಕು ಅಂದುಕೊಂಡೆ. ಶನಿವಾರ ಕುಮಟಾದಿಂದ ಬೈಕ್ ಹತ್ತಿ, ದೇವಿಮನೆ ಘಟ್ಟದ ಮಂಜಿನಲ್ಲಿ ಒದ್ದೆಮುದ್ದೆಯಾಗಿ ಮನೆ ಮುಟ್ಟಿದೆ.

ಕೂತು ನೋಡಿದರೆ ರೋಗ ವಿಚಿತ್ರವಾಗಿತ್ತು. ಪಟಪಟ ಹೊಡೆದರೆ ಒಂದಕ್ಷರವೂ ಬರುವುದಿಲ್ಲ, ಆದರೆ ಕೀಯನ್ನು ಒತ್ತಿ ಹಿಡಿದರೆ ಬರುತ್ತದೆ. ಅದೂ ಒಂದೆರಡು ಕೀಗಲ್ಲ, ಎಲ್ಲಾ ಕೀಗೂ ಹಾಗೇ. ನನಗೆ ಅನುಮಾನ ಬಂದಿದ್ದು ಇಲ್ಲೇ. ನೀರು ಹೋದರೆ, ಇರುವೆ ಹೊಕ್ಕರೆ ಒಂದು ಸಾಲು ಹೋಗುತ್ತದೆ, ಒಂದು ಮೂಲೆ ಹೋಗುತ್ತದೆ. ಇಷ್ಟು ಶಿಸ್ತಾಗಿ ಎಲ್ಲವೂ ಒಂದೇ ಥರ ಕೆಡುವುದಿಲ್ಲ, ಅಲ್ವಾ?

ಅಪ್ಪಯ್ಯನ ಲ್ಯಾಪ್‌ಟಾಪಿನಲ್ಲಿ ಇರುವುದು ವಿಂಡೋಸ್ ಅಲ್ಲ, ಲಿನಕ್ಸ್. ಅದರಲ್ಲಿ ಕೀ ಒತ್ತಿದ್ದು ಪರದೆಗೆ ಬರುವ ಮೊದಲು ಮೂರ್ನಾಲ್ಕು ಕೈ ದಾಟಬೇಕು. ಮೊದಲು ಕರ್ನಲ್, ಅಂದರೆ ಲಿನಕ್ಸಿನ ತಿರುಳು. ಆಮೇಲೆ ಡೆಸ್ಕ್‌ಟಾಪ್, ಇಲ್ಲಿ ಗ್ನೋಮ್. ಆಮೇಲೆ ಕನ್ನಡ ಮಾಡಿಕೊಡುವ ಐಬಸ್. ಕೊನೆಗೆ ನಾವು ಬರೆಯುತ್ತಿರುವ ಪ್ರೋಗ್ರಾಂ. ಯಾರ ಕೈಯಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕುವುದೇ ಕೆಲಸ, ಸುಮ್ನೆ ಎಲ್ಲ ಸೆಟ್ಟಿಂಗನ್ನೂ ಕೆದರಿದರೆ ಇದ್ದದ್ದೂ ಹಾಳಾಗುತ್ತದೆ.

ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಹಿಡಿದು ಕಪ್ಪು ಪರದೆಗೆ ಹೋದೆ. ಅಲ್ಲಿ ಡೆಸ್ಕ್‌ಟಾಪ್ ಇಲ್ಲ, ಐಬಸ್ ಇಲ್ಲ, ಬರೀ ಲಾಗಿನ್. ಟೈಪ್ ಮಾಡಿದೆ. ನೀರಿನ ಹಾಗೆ ಹರಿಯಿತು! ಅಂದರೆ ಕೀಬೋರ್ಡ್ ಸರಿಯಾಗಿಯೇ ಇದೆ. ಆಯಿ, ಬಚ್ಚಲೊಲೆ, ಅಂಗಡಿಯವನು, ಎಲ್ಲರೂ ತಪ್ಪು.

ಖಾತ್ರಿಗೆ ಡೆಸ್ಕ್‌ಟಾಪಿಗೆ ವಾಪಸ್ ಬಂದು, ಟರ್ಮಿನಲ್ಲಿನಲ್ಲಿ ಇವ್‌ಟೆಸ್ಟ್ ಅನ್ನುವುದನ್ನು ಸುಡೋ, ಅಂದರೆ ಅಡ್ಮಿನ್ ಅಧಿಕಾರ, ಹಾಕಿ ಓಡಿಸಿದೆ. ಕರ್ನಲ್ಲಿಗೆ ಏನು ಬಂತು ಅಂತ ಅದು ನೇರವಾಗಿ ತೋರಿಸುತ್ತದೆ. ಕೆ ಒತ್ತಿದೆ. ಆ ಕ್ಷಣಕ್ಕೇ ಕೋಡ್ 37, ವ್ಯಾಲ್ಯೂ 1. ಬಿಟ್ಟೆ, 0. ಹಿಡಿದೇ ಇದ್ದರೆ 2, 2, 2 ಅಂತ ಸಾಲು. ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದು ಡಬ್ಲ್ಯೂಇವ್ ಓಡಿಸಿದೆ. ಡೆಸ್ಕ್‌ಟಾಪ್ ದಾಟಿ ಬಂದದ್ದನ್ನು ತೋರಿಸುವುದು ಇದು, ಈಗಿನ ಪರದೆ ವ್ಯವಸ್ಥೆ ವೇಲ್ಯಾಂಡ್‌ಗೆ. ಹಳೇ ಎಕ್ಸ್11 ಆದರೆ ಎಕ್ಸ್‌ಇವ್ ಇದೆ. ಇವ್‌ಟೆಸ್ಟಿನಲ್ಲೂ ಇವುಗಳಲ್ಲೂ ಕೋಡ್ ಬೇರೆ ಬೇರೆ ಬಂದರೆ ಹೆದರಬೇಡಿ, ಎಕ್ಸ್ ಕಡೆಯ ಲೆಕ್ಕದಲ್ಲಿ ಯಾವಾಗಲೂ 8 ಜಾಸ್ತಿ, 37 ಇದ್ದದ್ದು 45 ಆಗುತ್ತದೆ. ನನಗೆ ಬೇಕಿದ್ದದ್ದು ಹೊತ್ತು. ಇವ್‌ಟೆಸ್ಟ್ ತಕ್ಷಣ ಹೇಳಿದ್ದನ್ನು ಡಬ್ಲ್ಯೂಇವ್ ತಡವಾಗಿ ಹೇಳುತ್ತಿತ್ತು, ಬೇಗ ಕೈ ಬಿಟ್ಟರೆ ಹೇಳುತ್ತಲೇ ಇರಲಿಲ್ಲ. ಕಳ್ಳ ನಡುವೆ ಕೂತಿದ್ದ.

ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಟೈಪಿಂಗ್. ಸ್ಲೋ ಕೀಸ್ ಆನ್ ಆಗಿತ್ತು. ಕೈ ನಡುಗುವವರಿಗೆ ಅಂತ ಇರುವ ಸೌಲಭ್ಯ ಇದು, ಸ್ವಲ್ಪ ಹೊತ್ತು ಹಿಡಿದ ಕೀಯನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತದೆ. ಶಿಫ್ಟನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಅದು ತಾನಾಗಿ ಆನ್ ಆಗುತ್ತದೆ, ಆದರೆ "ಕೀಬೋರ್ಡಿನಿಂದಲೇ ಆನ್ ಮಾಡು" ಅನ್ನುವ ಆಯ್ಕೆ ಮೊದಲು ಹಾಕಿರಬೇಕು.

ಆ ಆಯ್ಕೆ ಹಾಕಿದ್ದು ಯಾರು? ನಾನೇ. ಯುಗಾದಿಗೆ ಬಂದಾಗ. ಅಪ್ಪಯ್ಯ ಒಂದೇ ಬೆರಳಲ್ಲಿ ಟೈಪ್ ಮಾಡುವವರು, ಶಿಫ್ಟ್ ಹಿಡಿದು ಇನ್ನೊಂದು ಕೀ ಒತ್ತಲು ಕಷ್ಟ, ಹಾಗಾಗಿ ಐದು ಸಲ ಶಿಫ್ಟ್ ಒತ್ತಿದರೆ ಸ್ಟಿಕ್ಕಿ ಕೀಸ್ (ಶಿಫ್ಟ್ ಒತ್ತಿ ಬಿಟ್ಟರೂ ಮುಂದಿನ ಕೀವರೆಗೆ ಹಿಡಿದಂತೆಯೇ ಇರುವ ಸೌಲಭ್ಯ) ಬರಲಿ ಅಂತ ಮಹಾ ಬುದ್ಧಿವಂತನ ಹಾಗೆ ಹಾಕಿ ಹೋಗಿದ್ದೆ. ಅದರ ಜೊತೆ ಈ ಎಂಟು ಸೆಕೆಂಡಿನದ್ದೂ ಬಂದು ಕೂತಿತ್ತು.

ಅಪ್ಪಯ್ಯ ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡಿದ ಮೇಲೆ ಉಳಿದದ್ದೂ ತಿಳಿಯಿತು. ಸೊಸೈಟಿಯ ಸಭೆಯ ನಡಾವಳಿ ಬರೆಯುವುದು ಅವರ ಕೆಲಸ. ಅವರದ್ದು ಕಗಪ ಅನ್ನುವ ಕನ್ನಡ ಕೀ ವಿನ್ಯಾಸ, ಕೆ.ಪಿ. ರಾವ್ ಅವರ ಕೀಲಿಮಣೆಯಿಂದ ಬಂದದ್ದು, ಮಹಾಪ್ರಾಣ ಬೇಕಾದರೆ ಶಿಫ್ಟ್. 'ಸಂಘ' ಬರೆಯಲು ಎಡಗೈ ಹೆಬ್ಬೆರಳನ್ನು ಶಿಫ್ಟ್ ಮೇಲೆ ಊರಿ, ಕನ್ನಡಕ ಏರಿಸಿ, ಜಿ ಎಲ್ಲಿದೆ ಅಂತ ಬಲಗೈ ಬೆರಳು ಇಡೀ ಮಣೆ ಸುತ್ತುತ್ತದೆ. ಎಂಟು ಸೆಕೆಂಡ್ ಯಾವ ಲೆಕ್ಕ! "ಎಂತೋ ಒಂದು ಬಂದಿತ್ತು, ಇಂಗ್ಲೀಷಲ್ಲಿ. ಒತ್ತಿ ಕಳಿಸಿದಿ" ಅಂದರು.

ಕೀಬೋರ್ಡಿನಿಂದಲೇ ಆನ್ ಮಾಡುವ ಆ ಆಯ್ಕೆ ತೆಗೆದೆ. ಸ್ಲೋ ಕೀಸ್ ಆಫ್, ಸ್ಟಿಕ್ಕಿ ಕೀಸ್ ಕಾಯಂ ಆನ್. ಎರಡು ಕೀ ಒಟ್ಟಿಗೆ ಒತ್ತಿದರೆ ಸ್ಟಿಕ್ಕಿ ತಾನಾಗಿ ಆಫ್ ಆಗುವ ಆಯ್ಕೆಯೊಂದು ಅದರ ಕೆಳಗೇ ಇದೆ. ಅಪ್ಪಯ್ಯನ ಹಳೇ ಚಟ ಗೊತ್ತಿದ್ದರಿಂದ ಅದನ್ನೂ ತೆಗೆದೆ. ಈಗ ಶಿಫ್ಟ್ ಒತ್ತಿ ಬಿಟ್ಟು, ಕವಳ ಹಾಕಿ ಬಂದು ಜಿ ಒತ್ತಿದರೂ ಘ ಬರುತ್ತದೆ.

ಎಲ್ಲೂ ಟೈಪ್ ಆಗುತ್ತದೆ ಆದರೆ ಒಂದು ಪ್ರೋಗ್ರಾಮಿನಲ್ಲಿ ಮಾತ್ರ ಕನ್ನಡ ಬರುವುದಿಲ್ಲ ಅಂತಾದರೆ ಅದು ಬೇರೆ ರೋಗ, ಐಬಸ್ಸಿನ ಕಡೆ ನೋಡಿ. ಮೊದಲು ಐಬಸ್ ರಿಸ್ಟಾರ್ಟ್. ಮುಕ್ಕಾಲು ಪಾಲು ಸಲ ನನಗೆ ಅಷ್ಟೇ ಸಾಕಾಗಿದೆ.

ಆಗಸ್ಟಿನಲ್ಲಿ ಮತ್ತೆ ಫೋನ್. ಈ ಸಲ ಎಫ್ ಒಂದೇ ಹೋಗಿದೆ. ಫೋನಿನಲ್ಲೇ ಇವ್‌ಟೆಸ್ಟ್ ಹೇಳಿಕೊಟ್ಟೆ. ಎಫ್ ಒತ್ತಿದರೆ ಒಂದು ಸಾಲೂ ಇಲ್ಲ, ಬಾಕಿ ಎಲ್ಲಾ ಕೀಗೂ ಇದೆ. ಇದು ನಿಜವಾಗಿ ಮಳೆಯದ್ದೇ, ಅಥವಾ ಇರುವೆಯದ್ದು. ಕಗಪದಲ್ಲಿ ಒತ್ತಕ್ಷರ ಬರುವುದು ಎಫ್ ಒತ್ತಿದರೆ. ನಾನು ಹೋಗಿ ಯುಎಸ್‌ಬಿ ಕೀಬೋರ್ಡ್ ಕೊಡುವಷ್ಟರಲ್ಲಿ ಅಪ್ಪಯ್ಯ ಒಂದೂವರೆ ಪುಟ ನಡಾವಳಿ ಮುಗಿಸಿದ್ದರು. ಒಂದೇ ಒಂದು ಒತ್ತಕ್ಷರ ಇಲ್ಲ. 'ಅಧ್ಯಕ್ಷರು' ಇದ್ದಲ್ಲೆಲ್ಲ 'ಸಭೆಯ ಹಿರಿಯರು'. 'ಖರ್ಚು' ಇದ್ದಲ್ಲಿ 'ಹೋದ ಹಣ'.