ಫಿರ್ಕಾ ಹತ್ತಿರದ ಓಣಿ

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಲ್ಲಿ ಯಾರನ್ನಾದರೂ ಕೇಳಿ, ಆಫ್ರಿಕಾದ ನಾಲ್ಕು ದೇಶದ ಹೆಸರು ಸಲೀಸಾಗಿ ಹೇಳುತ್ತಾರೆ. ನಾವು ಹಕ್ಕಿಪಿಕ್ಕಿಗಳು. ಅಜ್ಜಂದಿರು ಕಾಡಲ್ಲಿ ಹಕ್ಕಿ ಹಿಡಿಯುತ್ತಿದ್ದರು. ಕಾಯ್ದೆ ಬಂದು ಬೇಟೆ ನಿಂತ ಮೇಲೆ ಬೇರು, ಎಣ್ಣೆ, ಮಣಿಸರ ಅಂತ ಊರೂರು ಸುತ್ತಿದರು. ನಮ್ಮ ಕಾಲಕ್ಕೆ ಆ ಸುತ್ತಾಟ ಸಮುದ್ರ ದಾಟಿತು. ಬಡ್ಡಿಗೆ ಸಾಲ ತಂದು ಟಿಕೆಟ್ ತೆಗೆಸುವುದು, ತಲೆಗೂದಲಿನ ಎಣ್ಣೆ, ಮೈಕೈ ನೋವಿನ ಎಣ್ಣೆ ಮಾರುವುದು, ಸಾಲ ತೀರಿಸಿ ನಾಲ್ಕು ಕಾಸು ಉಳಿಸಿಕೊಂಡು ಬರುವುದು. ನಾನೂ ನನ್ನ ಹೆಂಡತಿಯೂ ಸುಡಾನಿಗೆ ಹೋದದ್ದು ಹಾಗೆ. ರಾಜಧಾನಿ ಖಾರ್ಟೂಮಿನಲ್ಲಿ ಮಾರುವವರು ಆಗಲೇ ಹೆಚ್ಚಾಗಿದ್ದರು. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ಸಾವಿರ ಕಿಲೋಮೀಟರ್ ದೂರದ ಎಲ್ ಫಾಶರ್‌ಗೆ ನಮ್ಮವರ ಒಂದು ಗುಂಪಿನ ಜೊತೆ ಹೋಗಿ ರೂಮು ಹಿಡಿದೆವು.

ಸುಡಾನಿನ ಪಶ್ಚಿಮದ ಸೀಮೆ ಡಾರ್ಫುರ್. ಎಲ್ ಫಾಶರ್ ಅಲ್ಲಿನ ಉತ್ತರ ಡಾರ್ಫುರ ರಾಜ್ಯದ ರಾಜಧಾನಿ. ಸುಡಾನ್ ಸೇನೆಯ 6ನೇ ಕಾಲಾಳು ಡಿವಿಷನ್ನಿನ ಕೇಂದ್ರ ಕಚೇರಿ ಊರೊಳಗೇ ಇತ್ತು. ಜನ ಅದನ್ನು ‘ಫಿರ್ಕಾ’ ಎನ್ನುತ್ತಿದ್ದರು. ಯಾರಿಗಾದರೂ ದಾರಿ ಹೇಳುವಾಗಲೂ ಫಿರ್ಕಾದಿಂದ ಆ ಕಡೆ, ಈ ಕಡೆ ಅಂತಲೇ ಹೇಳೋದು. ನಮ್ಮ ಓಣಿ ಅಲ್ಲಿಂದ ಸ್ವಲ್ಪ ನಡೆದರೆ ಸಿಗುತ್ತಿತ್ತು. ಮರಳು ನೆಲ, ಮಣ್ಣಿನ ಇಟ್ಟಿಗೆಯ ಗೋಡೆ, ಕತ್ತೆಗಾಡಿಯಲ್ಲಿ ಬರುವ ನೀರು. ಮನೆಯೊಡತಿಯನ್ನು ಎಲ್ಲರಂತೆ ನಾವೂ ಹಜ್ಜಾ ಎನ್ನುತ್ತಿದ್ದೆವು. ಆಕೆಯ ಮಗ ಶಾಲೆಯ ಮೇಷ್ಟ್ರು, ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಮಗಳಿಗೆ ಎರಡು ಸಣ್ಣ ಮಕ್ಕಳು.

2023ರ ಏಪ್ರಿಲ್ 15, ಶನಿವಾರ. ರಂಜಾನ್ ತಿಂಗಳು. ಖಾರ್ಟೂಮಿನಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಗುಂಡಿನ ಕಾಳಗ ಶುರುವಾದ ಸುದ್ದಿ ಫೋನಿನಲ್ಲಿ ಓದಿ ಮುಗಿಸುವಷ್ಟರಲ್ಲಿ ನಮ್ಮೂರಲ್ಲೂ ಶುರುವಾಯಿತು. ದೊಡ್ಡ ಮಾರುಕಟ್ಟೆ ಕಡೆ ಹೊಗೆ ಎದ್ದಿತು. ನಮ್ಮ ರೂಮಿನ ತಗಡಿನ ಮಾಡು ಪ್ರತಿ ಸದ್ದಿಗೂ ಅದುರುತ್ತಿತ್ತು. ಕರೆಂಟ್ ಹೋಯಿತು, ನೀರಿನ ಪಂಪು ನಿಂತಿತು, ಕತ್ತೆಗಾಡಿಯವನೂ ಬರಲಿಲ್ಲ. ನಮ್ಮ ಹತ್ತಿರ ಇದ್ದದ್ದು ಎಣ್ಣೆಯ ಡಬ್ಬಗಳು, ಒಂದಿಷ್ಟು ಅಕ್ಕಿ, ಬಿಸ್ಕೆಟ್ಟು. ಗುಂಪಿನ ಹೆಂಗಸರು ಗೋಡೆಗೆ ಬೆನ್ನು ಕೊಟ್ಟು ಕೂತು, ಊರಿಗೆ ಫೋನ್ ಹಚ್ಚಿ ಅಳುತ್ತಿದ್ದರು.

ಆ ಸಂಜೆ ಹಜ್ಜಾ ಗೋಡೆ ಬದಿಯಲ್ಲೇ ಬಗ್ಗಿಕೊಂಡು ನಮ್ಮ ರೂಮಿಗೆ ಬಂದಳು. ತಲೆ ಮೇಲೆ ತಟ್ಟೆ. ಅದರಲ್ಲಿ ಸಜ್ಜೆ ಹಿಟ್ಟಿನ ಅಸೀದಾ, ಮೇಲೆ ಒಣ ಬೆಂಡೆಕಾಯಿ ಪುಡಿಯ ಸಾರು. ಅಸೀದಾ ನಮ್ಮ ಮುದ್ದೆಯ ಹಾಗೇ, ಕೈಯಲ್ಲಿ ಮುರಿದು ಅದ್ದಿ ನುಂಗುವುದು. ದಿನವಿಡೀ ಬಾಯಿಗೆ ನೀರು ಹಾಕದೆ ಉಪವಾಸವಿದ್ದ ಮುದುಕಿ, ತಾನು ಉಪವಾಸ ಬಿಡುವ ಮೊದಲು ನಮಗೆ ತಂದಿದ್ದಳು. ನೀರಿನ ಮಡಕೆಯಲ್ಲಿ ಎಷ್ಟು ಉಳಿದಿತ್ತೋ ಅದರಲ್ಲೂ ಪಾಲು ಕೊಟ್ಟಳು. ಗುಂಡಿನ ಸದ್ದು ನಿಲ್ಲದ ಆ ದಿನಗಳಲ್ಲಿ ಒಂದು ಸಂಜೆಯೂ ಆ ತಟ್ಟೆ ತಪ್ಪಲಿಲ್ಲ. ನಾವು ಅವಳ ಧರ್ಮದವರಲ್ಲ, ಭಾಷೆಯವರಲ್ಲ, ಬಾಡಿಗೆಯನ್ನೂ ಆ ತಿಂಗಳು ಪೂರ್ತಿ ಕೊಟ್ಟಿರಲಿಲ್ಲ. ನಮ್ಮ ಹಾಡಿಯಲ್ಲಿ ಯಾರೇ ಆಗಲಿ ಸುಡಾನಿನವರ ಬಗ್ಗೆ ಹಗುರವಾಗಿ ಮಾತಾಡಿದರೆ ನಾನು ಈ ಮಾತು ಹೇಳದೆ ಬಿಡುವುದಿಲ್ಲ.

ರಾತ್ರಿ ಮೇಷ್ಟ್ರು ನಮ್ಮ ಜೊತೆ ಕೂತು ಯುದ್ಧದ ಬೇರು ಎಲ್ಲಿದೆ ಅಂತ ಬಿಡಿಸಿ ಹೇಳುತ್ತಿದ್ದ. 2003ರ ಏಪ್ರಿಲ್‌ನಲ್ಲಿ ಡಾರ್ಫುರದ ಬಂಡಾಯಗಾರರು ಇದೇ ಊರಿನ ವಿಮಾನ ನಿಲ್ದಾಣಕ್ಕೆ ನುಗ್ಗಿ ಸೇನೆಯ ವಿಮಾನಗಳನ್ನು ಸುಟ್ಟರಂತೆ. ಅವರನ್ನು ಬಗ್ಗುಬಡಿಯಲು ಸರ್ಕಾರ ಜಂಜಾವೀದ್ ಎಂಬ ಸವಾರರ ಕೈಗೆ ಬಂದೂಕು ಕೊಟ್ಟಿತು. ಹಳ್ಳಿ ಹಳ್ಳಿಗಳು ಉರಿದವು, ಲಕ್ಷಗಟ್ಟಲೆ ಜನ ಸತ್ತರು, ಉಳಿದವರು ಎಲ್ ಫಾಶರ್ ಸುತ್ತ ಅಬು ಶೌಕ್, ಜಮ್‌ಜಮ್ ಶಿಬಿರಗಳಲ್ಲಿ ಬಂದು ಸೇರಿದರು. 2013ರಲ್ಲಿ ಅದೇ ಸವಾರರಿಗೆ ಸರ್ಕಾರ ಆರ್‌ಎಸ್‌ಎಫ್ ಅಂತ ಹೆಸರಿಟ್ಟು ಸಮವಸ್ತ್ರ ತೊಡಿಸಿತು. ಅದರ ದಂಡನಾಯಕ ಹೆಮೆದ್ತಿ. ಈಗ ಆ ಪಡೆಯೇ ಸೇನೆಯ ಮೇಲೆ ತಿರುಗಿಬಿದ್ದಿತ್ತು. ಮೇಷ್ಟ್ರ ಮನೆಯವರೂ 2003ರಲ್ಲಿ ಹಳ್ಳಿ ಬಿಟ್ಟು ಓಡಿಬಂದವರೇ.

ಇತ್ತ ಕರ್ನಾಟಕದಲ್ಲಿ ಚುನಾವಣೆಯ ಕಾವು. 31 ಜನ ಹಕ್ಕಿಪಿಕ್ಕಿಗಳು ಸುಡಾನಿನಲ್ಲಿ ಸಿಕ್ಕಿಬಿದ್ದಿದ್ದಾರೆ ಅಂತ ಸಿದ್ದರಾಮಯ್ಯನವರು ಟ್ವೀಟ್ ಮಾಡಿದರು, ಪತ್ರಿಕೆ, ಟಿವಿ ಎಲ್ಲದರಲ್ಲೂ ನಮ್ಮ ಸುದ್ದಿ ಬಂತು. ಎಲ್ ಫಾಶರ್‌ನಲ್ಲಿ ಹಬ್ಬದ ಹೊತ್ತಿಗೆ ಊರ ಹಿರಿಯರೇ ಮಧ್ಯೆ ನಿಂತು ಎರಡೂ ಕಡೆಯವರನ್ನು ಕದನವಿರಾಮಕ್ಕೆ ಒಪ್ಪಿಸಿದರು. ಆ ಬಿಡುವಿನಲ್ಲಿ ನಾವು ಹೊರಟೆವು. ಬಸ್ಸು, ತಪಾಸಣೆ, ಮತ್ತೆ ಬಸ್ಸು, ಕೊನೆಗೆ ಪೋರ್ಟ್ ಸುಡಾನ್. ಭಾರತ ಸರ್ಕಾರ ಏಪ್ರಿಲ್ 24ರಂದು ‘ಆಪರೇಷನ್ ಕಾವೇರಿ’ ಶುರು ಮಾಡಿ, ನೌಕಾಪಡೆಯ ಹಡಗು, ವಾಯುಪಡೆಯ ವಿಮಾನ ಕಳಿಸಿ 3,800ಕ್ಕೂ ಹೆಚ್ಚು ಜನರನ್ನು ಕರೆತಂದಿತು. ಜೆಡ್ಡಾದ ಭಾರತೀಯ ಶಾಲೆಯಲ್ಲಿ ಬಿಸಿ ಅನ್ನ ಸಾರು ಉಂಡೆವು. ಹೊರಡುವ ದಿನ ಹಜ್ಜಾ ನನ್ನ ಹೆಂಡತಿಯ ಕೈಗೆ ಕಡಲೆಕಾಯಿಯ ಒಂದು ಗಂಟು ಕೊಟ್ಟಿದ್ದಳು. ಉಳಿದ ಎಣ್ಣೆ ಡಬ್ಬಗಳನ್ನೆಲ್ಲ ನಾವು ಅವಳ ಮನೆಯಲ್ಲೇ ಬಿಟ್ಟುಬಂದೆವು.

ನಮ್ಮ ಪಾಲಿಗೆ ಅದು ಮುಗಿಯಿತು. ಅವರಿಗೆ ಶುರುವಾದದ್ದೇ ಆಮೇಲೆ. 2023 ಮುಗಿಯುವ ಮೊದಲೇ ನ್ಯಾಲಾ, ಜಲಿಂಗೈ, ಎಲ್ ಜೆನೀನಾ, ಎಲ್ ದೈನ್ — ಡಾರ್ಫುರದ ಉಳಿದ ನಾಲ್ಕೂ ರಾಜ್ಯಗಳ ರಾಜಧಾನಿಗಳು ಆರ್‌ಎಸ್‌ಎಫ್ ಕೈಸೇರಿದವು. ಸೇನೆಗೆ ಉಳಿದದ್ದು ಎಲ್ ಫಾಶರ್ ಒಂದೇ. ಇಪ್ಪತ್ತು ವರ್ಷದ ಹಿಂದೆ ಅಲ್ಲಿನ ವಿಮಾನ ನಿಲ್ದಾಣ ಸುಟ್ಟ ಬಂಡಾಯ ಬಣಗಳವರೇ ಈಗ ಸೇನೆಯ ಜೊತೆ ಸೇರಿ ಊರು ಕಾಯಲು ನಿಂತರು. 2024ರ ಮೇ ತಿಂಗಳಲ್ಲಿ ಮುತ್ತಿಗೆ ಬಿಗಿಯಾಯಿತು. ಜೂನ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮುತ್ತಿಗೆ ತೆಗೆಯಿರಿ ಅಂತ ನಿರ್ಣಯ ಮಾಡಿತು. ಯಾರೂ ತೆಗೆಯಲಿಲ್ಲ. ಆಗಸ್ಟ್‌ನಲ್ಲಿ ಜಮ್‌ಜಮ್ ಶಿಬಿರದಲ್ಲಿ ಕ್ಷಾಮವಿದೆ ಅಂತ ಅಧಿಕೃತವಾಗಿ ಹೇಳಿದರು.

ಮೇಷ್ಟ್ರಿಗೆ ಸ್ಟಾರ್‌ಲಿಂಕ್ ಎಂಬ ಉಪಗ್ರಹ ಇಂಟರ್ನೆಟ್ ಸಿಕ್ಕಾಗ ವಾಟ್ಸಾಪಿನಲ್ಲಿ ಎರಡು ಮಾತು ಕಳಿಸುತ್ತಿದ್ದ, ಅದಕ್ಕೂ ದುಡ್ಡು ಕೊಡಬೇಕಿತ್ತು. ಒಂದು ಸಲ ಫೋಟೋ ಕಳಿಸಿದ. ತಟ್ಟೆ ಅದೇ, ಅಂಚು ಸೀಳಿದ ಹಜ್ಜಾಳ ಅಲ್ಯೂಮಿನಿಯಂ ತಟ್ಟೆ. ಅದರಲ್ಲಿ ಕಂದು ಬಣ್ಣದ ಗಟ್ಟಿ ಚೂರುಗಳು, ಪಕ್ಕದಲ್ಲಿ ಅದನ್ನೇ ನೆನೆಸಿದ ಬಗ್ಗಡದಂಥ ನೀರು. ನನಗೆ ಗೊತ್ತಾಗಲಿಲ್ಲ. ಹೆಂಡತಿ ಬಗ್ಗಿ ನೋಡಿ, “ಕಡಲೆಕಾಯಿ ಹಿಂಡಿ ಇದು. ಹಸುವಿಗೆ ಹಾಕೋದು” ಅಂದಳು. ಎಣ್ಣೆ ಹಿಂಡಿದ ಮೇಲೆ ಗಾಣದಲ್ಲಿ ಉಳಿಯುತ್ತದಲ್ಲ, ಅದು. ಅಲ್ಲಿ ಅದನ್ನು ಅಂಬಾಜ್ ಅನ್ನುತ್ತಾರೆ. ಡಾರ್ಫುರ್ ಕಡಲೆಕಾಯಿ ಬೆಳೆಯುವ ಸೀಮೆ, ಗಾಣಗಳಿಗೆ ಬರವಿರಲಿಲ್ಲ. ಮಾರುಕಟ್ಟೆಯಲ್ಲಿ ಸಜ್ಜೆ ಸಿಗದ ಮೇಲೆ ಊರಿಗೂರೇ ಅದನ್ನು ತಿಂದಿತು. ಓಣಿಯ ಹೆಂಗಸರು ಸೇರಿ ನಡೆಸುವ ಗಂಜಿಮನೆಗಳಲ್ಲೂ ಅದೇ. ಕೊನೆಕೊನೆಗೆ ಹಿಂಡಿಯೂ ಸಿಗದಾಯಿತು. ಹಜ್ಜಾಗೆ ಸಕ್ಕರೆ ಕಾಯಿಲೆ ಇತ್ತು, ಮುತ್ತಿಗೆಯೊಳಗೆ ಇನ್ಸುಲಿನ್ ಎಲ್ಲಿಂದ ಬರಬೇಕು? 2025ರ ಬೇಸಿಗೆಯಲ್ಲಿ ತೀರಿಕೊಂಡಳು. ನಾವಿಬ್ಬರೂ ಆ ದಿನ ಒಲೆ ಹಚ್ಚಲಿಲ್ಲ.

ಆಮೇಲೆ ಆರ್‌ಎಸ್‌ಎಫ್ ಊರ ಸುತ್ತ ಮಣ್ಣಿನ ಏರಿ ಹಾಕಿತು. ಯೇಲ್ ವಿಶ್ವವಿದ್ಯಾಲಯದವರು ಉಪಗ್ರಹ ಚಿತ್ರ ನೋಡಿ ಅಳೆದಾಗ, ಆಗಸ್ಟ್ ಕೊನೆಗೆ ಅದು 31 ಕಿಲೋಮೀಟರ್ ದಾಟಿತ್ತು. ಊಟ ತರುವವರು ಒಳಗೆ ಬರುವ ಹಾಗಿಲ್ಲ, ಜನ ಹೊರಗೆ ಹೋಗುವ ಹಾಗಿಲ್ಲ. ಅಕ್ಟೋಬರ್ 26, ಭಾನುವಾರ, ಆರ್‌ಎಸ್‌ಎಫ್ ಫಿರ್ಕಾದೊಳಗೆ ನುಗ್ಗಿ ವಿಡಿಯೋ ಮಾಡಿ ಹಾಕಿತು. ಸೇನೆ ಹಿಂದೆ ಸರಿದಿದೆ ಅಂತ ಮರುದಿನ ಸೇನೆಯ ಮುಖ್ಯಸ್ಥ ಜನರಲ್ ಬುರ್ಹಾನ್ ಒಪ್ಪಿಕೊಂಡರು. ಸೇನೆಗೆ ಸರಿಯಲು ಜಾಗವಿತ್ತು. ಊರೊಳಗೆ ಆಗ ಸುಮಾರು 2,60,000 ಜನ ಇದ್ದರೆಂದು ವಿಶ್ವಸಂಸ್ಥೆಯ ಅಂದಾಜು. ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರನ್ನು ಕೊಂದರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನಮ್ಮ ಟಿವಿಗಳಲ್ಲಿ ‘ಸೇನಾ ನೆಲೆ ಪತನ’ ಅಂತ ಒಂದು ಸಾಲು ಓಡಿ ಹೋಯಿತು. ನನಗೆ ಹೊಟ್ಟೆ ಉರಿಯಿತು. ಬಿದ್ದದ್ದು ನೆಲೆ ಒಂದೇನಾ? ಮುತ್ತಿಗೆ ಹಾಕಿದ್ದು ಹಜ್ಜಾಳ ನೀರಿನ ಮಡಕೆಗೆ, ಆ ಮಕ್ಕಳ ತಟ್ಟೆಗೆ.

ಮೇಷ್ಟ್ರ ತಂಗಿ ನವೆಂಬರಿನಲ್ಲಿ ತವೀಲಾದಿಂದ ಧ್ವನಿ ಸಂದೇಶ ಕಳಿಸಿದಳು. ಎಲ್ ಫಾಶರ್‌ನಿಂದ ಸುಮಾರು 60 ಕಿಲೋಮೀಟರ್, ಎರಡು ಮಕ್ಕಳನ್ನು ಕಟ್ಟಿಕೊಂಡು ನಡೆದು ಬಂದಿದ್ದಾಳೆ. ಏರಿಯ ಹತ್ತಿರ ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡಿದರಂತೆ. ಅಣ್ಣನನ್ನು ಕೊನೆಯ ಸಲ ನೋಡಿದ್ದು ಅಲ್ಲೇ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಪ್ರಾಸಿಕ್ಯೂಟರ್ ಕಚೇರಿ ಸಾಕ್ಷ್ಯ ಉಳಿಸಿಡುವ ಕೆಲಸ ಮಾಡುತ್ತಿದೆ ಅಂತ ಅವಳಿಗೂ ಗೊತ್ತು. “ನಮ್ಮ ಓಣಿಯ ಫೋಟೋ ನಿಮ್ಮ ಹತ್ತಿರ ಇದೆಯಾ?” ಅಂತ ಕೇಳಿದಳು. ಅವರ ಹತ್ತಿರ ಒಂದೂ ಉಳಿದಿಲ್ಲ.

ನಮ್ಮಲ್ಲಿವೆ. ಎಣ್ಣೆ ಹಚ್ಚಿದ ಮೇಲೆ ಕೂದಲು ಹೇಗಾಯಿತು ಅಂತ ಗಿರಾಕಿಗಳಿಗೆ ತೋರಿಸಲು ಹೆಂಡತಿ ಆ ಅಂಗಳದಲ್ಲಿ ತೆಗೆದವು. ಮುಂದೆ ಹೆಣೆದ ಜಡೆ, ಹಿಂದೆ ಓಣಿಯ ಜನ: ದರ್ಜಿ, ಕತ್ತೆಗಾಡಿಯವನು, ಸೂಲಗಿತ್ತಿ, ಬಾಗಿಲಲ್ಲಿ ಮೇಷ್ಟ್ರು. ಒಂದರಲ್ಲೂ ಬಂದೂಕು ಹಿಡಿದವರಿಲ್ಲ. ನಾವಿಬ್ಬರೂ ಕೂತು ಒಂದೊಂದೇ ಕಳಿಸುತ್ತಿದ್ದೇವೆ, ಯಾರು ಯಾವ ಮನೆಯವರು ಅಂತ ನೆನಪಿದ್ದಷ್ಟೂ ಹೇಳಿ. ನೆನಪಿಗೆ ಬಾರದ ಮುಖವಿದ್ದರೆ ಮೇಷ್ಟ್ರ ತಂಗಿಯೇ ಹೇಳುತ್ತಾಳೆ, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ.