ನಡೆಯಲೇ ಇಲ್ಲವಂತೆ, 297 ವರ್ಷ
ಕ್ರಿ.ಶ. 614ರಿಂದ 911ರವರೆಗಿನ 297 ವರ್ಷಗಳು ನಡೆದೇ ಇಲ್ಲ, ಆಗ ಪಶ್ಚಿಮ ಯುರೋಪಿನ ಬಹುಭಾಗವನ್ನು ಆಳಿದನೆನ್ನುವ ಶಾರ್ಲಮೇನ್ ಚಕ್ರವರ್ತಿ ಬರೀ ಕಟ್ಟುಕತೆ ಎಂಬ ಜರ್ಮನಿಯ ಲೇಖಕ ಹೆರಿಬರ್ಟ್ ಇಲ್ಲಿಗ್ ಅವರ ವಾದವನ್ನು ನಿನ್ನೆ ರಾತ್ರಿ ಮತ್ತೊಮ್ಮೆ ಓದಿದೆ. ಜೂಲಿಯಸ್ ಸೀಸರ್ ಜಾರಿಗೆ ತಂದ ಕ್ಯಾಲೆಂಡರಿನ ವರ್ಷ ನಿಜವಾದ ಸೌರವರ್ಷಕ್ಕಿಂತ ತುಸು ಉದ್ದವಿದ್ದುದರಿಂದ, ಅವನ ಕಾಲದಿಂದ 1582ರ ಹೊತ್ತಿಗೆ ಅದು ಸುಮಾರು 13 ದಿನ ತಪ್ಪಿರಬೇಕಿತ್ತು, ಆದರೆ ಪೋಪ್ ಗ್ರೆಗರಿ ತೆಗೆದುಹಾಕಿದ್ದು 10 ದಿನ ಮಾತ್ರ, ಆದ್ದರಿಂದ ನಡುವಿನ ಮೂರು ಶತಮಾನಗಳು ಸುಳ್ಳು ಎಂಬ ಅವರ ಲೆಕ್ಕ ಮೊದಲ ಓದಿಗೆ ನನ್ನನ್ನೂ ಸ್ವಲ್ಪ ಅಲುಗಾಡಿಸಿತ್ತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಆ ತಿದ್ದುಪಡಿಯ ಗುರಿ ಸೀಸರನ ಕಾಲವಾಗಿರಲಿಲ್ಲ. ವಸಂತ ವಿಷುವವನ್ನು (ಹಗಲು ರಾತ್ರಿ ಸಮನಾಗುವ ದಿನ) 325ರಲ್ಲಿ ಕ್ರೈಸ್ತ ಧರ್ಮಗುರುಗಳು ಸೇರಿದ ನೈಸಿಯಾ ಸಭೆಯ ಕಾಲದಲ್ಲಿದ್ದಂತೆ ಮಾರ್ಚ್ 21ರ ಆಸುಪಾಸಿಗೆ ಮರಳಿಸುವುದಷ್ಟೇ ಆಗಿತ್ತು, ಅದಕ್ಕೆ 10 ದಿನ ಸಾಕು.

ಇದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಮರಗಳ ಸಾಕ್ಷ್ಯ. ಮರದ ಕಾಂಡದಲ್ಲಿ ಸಾಮಾನ್ಯವಾಗಿ ವರ್ಷಕ್ಕೊಂದು ಉಂಗುರ ಬೆಳೆಯುತ್ತದೆ. 774–775ರಲ್ಲಿ ವಾತಾವರಣದ ಕಾರ್ಬನ್-14 (ವಿಕಿರಣಶೀಲ ಇಂಗಾಲ) ಹಠಾತ್ತನೆ ಏರಿದ ಗುರುತು ಜಪಾನಿನ ದೇವದಾರಿನ ಉಂಗುರಗಳಲ್ಲೂ ಜರ್ಮನಿಯ ಓಕ್ ಮರಗಳಲ್ಲೂ ಒಂದೇ ವರ್ಷಕ್ಕೆ ಕೂಡಿಬರುತ್ತದೆ, ಅದೂ ಸರಿಯಾಗಿ ಆ 'ಇಲ್ಲದ' ಕಾಲದ ನಡುವೆಯೇ. 837ರಲ್ಲಿ ಭೂಮಿಗೆ ತೀರ ಸಮೀಪ ಬಂದ ಹ್ಯಾಲಿ ಧೂಮಕೇತುವನ್ನು ಚೀನಾದ ತಾಂಗ್ ಆಸ್ಥಾನದ ಖಗೋಳಜ್ಞರು ದಾಖಲಿಸಿದ್ದಾರೆ. ಯುರೋಪಿನ ದಾಖಲೆಗಳನ್ನು ತಿದ್ದಿದವರಿದ್ದರು ಎಂದೇ ಇಟ್ಟುಕೊಳ್ಳೋಣ (ಮಧ್ಯಯುಗದ ಮಠಗಳಲ್ಲಿ ನಕಲಿ ದಾನಪತ್ರಗಳಿಗೇನೂ ಕೊರತೆ ಇರಲಿಲ್ಲ), ಆದರೆ ಅವರು ಚೀನಾದ ಆಸ್ಥಾನವನ್ನೂ ಜಪಾನಿನ ಮರಗಳನ್ನೂ ಹೇಗೆ ಒಪ್ಪಿಸಿದರೋ!